ವಾಚೆ ಮಾಡಲು ಕಲಿತದ್ದು

ಘಾನಾಕ್ಕೆ ಬಂದ ಮೇಲೆ ನಾನು ಮನಸಾರೆ ಕಲಿತ ಮೊದಲ ಅಡುಗೆ ವಾಚೆ. ಅಕ್ಕಿ ಮತ್ತು ಅಲಸಂದೆ ಕಾಳನ್ನು ಒಂದೇ ಪಾತ್ರೆಯಲ್ಲಿ ಬೇಯಿಸುವುದು, ಅಷ್ಟೇ. ಹೇಳೋಕೆ ಎರಡು ನಿಮಿಷ ಸಾಕು. ಆದರೆ ಅದು ನನ್ನ ಕೈಗೆ ಹತ್ತಲು ಎರಡು ತಿಂಗಳು ಬೇಕಾಯಿತು.

ನಮ್ಮದು ಗದಗ ಜಿಲ್ಲೆಯ ಒಂದು ಹಳ್ಳಿ. ಯಜಮಾನರ ಕೆಲಸದ ಸಲುವಾಗಿ ಅಕ್ರಾಕ್ಕೆ ಬಂದೆವು. ಬಂದ ಮೊದಲ ವಾರವೇ ನಮ್ಮ ಬೀದಿಯ ತಿರುವಿನಲ್ಲಿ ಬೆಳಿಗ್ಗೆ ಆರೂವರೆಗೆಲ್ಲ ಜನ ಸಾಲು ನಿಲ್ಲುವುದನ್ನು ನೋಡಿದೆ. ಶಾಲೆಗೆ ಹೊರಟ ಮಕ್ಕಳು, ಟ್ಯಾಕ್ಸಿಯವರು, ಬ್ಯಾಂಕಿಗೆ ಹೋಗುವ ಇಸ್ತ್ರಿ ಬಟ್ಟೆಯ ಹೆಂಗಸರು, ಎಲ್ಲರೂ ಒಂದೇ ಸಾಲು. ಮೇಜಿನ ಹಿಂದೆ ತಲೆಗೆ ಬಟ್ಟೆ ಸುತ್ತಿಕೊಂಡ ಒಬ್ಬ ಹಿರಿಯ ಹೆಂಗಸು. ಮುಂದೆ ದೊಡ್ಡ ಅಲ್ಯೂಮಿನಿಯಂ ಪಾತ್ರೆ. ಮುಚ್ಚಳ ತೆಗೆದರೆ ಹಬೆಯೊಳಗೆ ಕೆಂಗಂದು ಬಣ್ಣದ ಅನ್ನ, ನಡುನಡುವೆ ಕಾಳು. ಎಲ್ಲರೂ ಅವರನ್ನು ಹಜಿಯಾ ಅನ್ನುತ್ತಾರೆ. ಹಜ್ ಯಾತ್ರೆ ಮಾಡಿ ಬಂದ ಹೆಂಗಸರನ್ನು ಇಲ್ಲಿ ಗೌರವದಿಂದ ಹಾಗೆ ಕರೆಯುತ್ತಾರೆ.

ಕೊಳ್ಳುವವರು ಪ್ಲೇಟ್ ಲೆಕ್ಕದಲ್ಲಿ ಕೇಳುವುದಿಲ್ಲ. ದುಡ್ಡಿನ ಲೆಕ್ಕದಲ್ಲಿ ಕೇಳುತ್ತಾರೆ. ಇಲ್ಲಿನ ದುಡ್ಡಿಗೆ ಸೆಡಿ ಅನ್ನುತ್ತಾರೆ. "ವಾಚೆ ಹತ್ತು ಸೆಡಿಯದು, ಗಾರಿ ಎರಡು, ತಾಲಿಯಾ ಎರಡು, ಮೊಟ್ಟೆ ಒಂದು." ಗಾರಿ ಅಂದರೆ ಮರಗೆಣಸನ್ನು ತುರಿದು, ಹುಳಿ ಬರಿಸಿ, ಹುರಿದು ಮಾಡಿದ ಒರಟು ರವೆಯಂಥದು. ತಾಲಿಯಾ ಅಂದರೆ ಸ್ಪಗೆಟ್ಟಿ. ಅನ್ನದ ಮೇಲೆ ಸ್ಪಗೆಟ್ಟಿಯಾ ಅಂತ ನನಗೂ ಮೊದಲು ಅನ್ನಿಸಿತ್ತು. ಆಮೇಲೆ ನಾವು ಚಿತ್ರಾನ್ನದ ಜೊತೆ ಉಪ್ಪಿಟ್ಟು ತಿನ್ನೋದಿಲ್ವಾ ಅಂತ ಸುಮ್ಮನಾದೆ. ಇವುಗಳ ಮೇಲೆ ಟೊಮೆಟೊ ಸಾರು, ಮೀನು, ಬೇಯಿಸಿದ ದನದ ಚರ್ಮ, ಕರಿದ ಬಾಳೆಹಣ್ಣು, ಶಿಟೊ ಅನ್ನುವ ಕಪ್ಪು ಖಾರ. ಇಷ್ಟನ್ನೂ ಅಗಲವಾದ ಹಸಿರು ಎಲೆಯಲ್ಲಿ ಕಟ್ಟಿ ಕೊಡುತ್ತಾರೆ. ಹತ್ತು ಗಂಟೆಯೊಳಗೆ ಪಾತ್ರೆ ಖಾಲಿ.

ನಾನು ಮೀನು, ಮಾಂಸ ತಿನ್ನುವುದಿಲ್ಲ. ಮೊದಲ ದಿನ ಹಾಗೆಂದಾಗ ಹಜಿಯಾ ಬೇಸರ ಮಾಡಿಕೊಳ್ಳಲಿಲ್ಲ. ಸಾರು, ಶಿಟೊ ಎರಡನ್ನೂ ಬಿಟ್ಟು ಬರೀ ವಾಚೆ, ಗಾರಿ, ಬಾಳೆಹಣ್ಣು ಹಾಕಿದರು. ಕಟ್ಟುವ ಮುಂಚೆ ಇನ್ನೊಂದು ಸೌಟು ಅನ್ನ ಸೇರಿಸಿ "ಡ್ಯಾಶ್" ಅಂದರು. ನಮ್ಮ ಸಂತೆಯಲ್ಲಿ ಕಾಯಿಪಲ್ಲೆಯವರು ತೂಗಿದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾರಲ್ಲ, ಥೇಟ್ ಅದೇ. ಆ ಒಂದು ಸೌಟಿನಿಂದ ನಾನು ಅವರ ಖಾಯಂ ಗಿರಾಕಿಯಾದೆ.

ಮನೆಗೆ ತಂದು ಎಲೆ ಬಿಚ್ಚಿದಾಗ ಬಂದ ಪರಿಮಳ ನನಗೆ ಎಲ್ಲೋ ಗೊತ್ತಿತ್ತು. ಏನೆಂದು ಹೊಳೆಯಲಿಲ್ಲ. ಅನ್ನಕ್ಕೆ ಮಸಾಲೆಯಿಲ್ಲ, ಒಗ್ಗರಣೆಯಿಲ್ಲ. ಆದರೂ ಸಪ್ಪೆಯಲ್ಲ. ಮಣ್ಣಿನ, ಒಣ ಹುಲ್ಲಿನ ಒಂದು ತೆಳು ರುಚಿ. ಕಾಳು ಬಾಯಲ್ಲಿಟ್ಟರೆ ಬೆಣ್ಣೆ, ಆದರೆ ಒಂದೂ ಒಡೆದಿಲ್ಲ.

ಮನೆಯಲ್ಲೇ ಮಾಡೋಣ ಅಂತ ಹೊರಟೆ. ಬಣ್ಣ ಕಾಳಿನಿಂದಲೇ ಬಂದಿರಬೇಕು ಅಂದುಕೊಂಡೆ. ಅಲಸಂದೆ, ಇಂಡಿಯನ್ ಅಂಗಡಿಯ ಸೋನಾ ಮಸೂರಿ, ಉಪ್ಪು, ಎಲ್ಲ ಕುಕ್ಕರಿಗೆ ಹಾಕಿ ನಾಲ್ಕು ವಿಸಿಲ್ ಕೂಗಿಸಿದೆ. ಬೂದಿ ಬಣ್ಣದ ಮುದ್ದೆಯಾಯಿತು. ಕಾಳು ಎಲ್ಲ ಕರಗಿ ಹೋಗಿತ್ತು. ಯಜಮಾನರು ಮಾತಾಡದೆ ತಿಂದರು. ನನಗೇ ಸಮಾಧಾನವಾಗಲಿಲ್ಲ.

ಮರುದಿನ ಹಜಿಯಾ ಹತ್ತಿರ ಹೋಗಿ, "ನನಗೆ ಕಲಿಸಿಕೊಡ್ತೀರಾ?" ಅಂತ ಕೇಳಿದೆ. ಅವರು ಸೌಟು ಕೆಳಗಿಟ್ಟು ನನ್ನನ್ನೇ ನೋಡಿದರು. "ಮಗಳೇ, ನೀನು ಬೆಳಗಿನ ಜಾವ ಮೂರಕ್ಕೆ ಏಳ್ತೀಯಾ?" ಅಂದರು. ಏಳ್ತೀನಿ ಅಂದೆ. "ಹಾಗಾದ್ರೆ ಶುಕ್ರವಾರ ಸಾಯಂಕಾಲ ಮಾರುಕಟ್ಟೆಗೆ ಬಾ. ಶನಿವಾರ ನಮ್ಮ ಮನೆಗೆ ಬಾ."

ಅವರ ಮನೆ ಇರುವುದು ನಿಮಾದಲ್ಲಿ. ಅಕ್ರಾದ ಹಳೆಯ ಜೊಂಗೊಗಳಲ್ಲಿ ಅದೊಂದು. ಉತ್ತರದಿಂದ ಬಂದ ಮುಸ್ಲಿಂ ವ್ಯಾಪಾರಿಗಳು, ಕೂಲಿಗಾರರು ನೆಲೆ ನಿಂತ ಕೇರಿಗಳಿಗೆ ಜೊಂಗೊ ಅನ್ನುತ್ತಾರೆ. ಅಲ್ಲಿ ಎಲ್ಲರಿಗೂ ಅರ್ಥವಾಗುವ ಭಾಷೆ ಹೌಸಾ. ವಾಚೆ ಅನ್ನುವ ಹೆಸರೂ ಆ ಭಾಷೆಯದೇ. ಶಿಂಕಾಫಾ ಅಂದರೆ ಅಕ್ಕಿ, ವಾಕೆ ಅಂದರೆ ಕಾಳು. "ಶಿಂಕಾಫಾ ದಾ ವಾಕೆ" ಅನ್ನುವುದು ಬಾಯಿಂದ ಬಾಯಿಗೆ ಸವೆದು ಬರೀ ವಾಚೆ ಆಯಿತು. ಪಕ್ಕದ ಟೋಗೋದಲ್ಲಿ ಇದನ್ನೇ ಅಯಿಮೊಲು ಅನ್ನುತ್ತಾರೆ, ಅದರಾಚೆಯ ಬೆನಿನ್‌ನಲ್ಲಿ ಅತಾಸಿ.

ನಿಮಾ ಮಾರುಕಟ್ಟೆಯಲ್ಲಿ ಕಾಳನ್ನು ತೂಗುವುದಿಲ್ಲ. ಒಲೊಂಕಾ ಅನ್ನುವ ಡಬ್ಬಿಯಲ್ಲಿ ಅಳೆಯುತ್ತಾರೆ. ನಮ್ಮ ಸೇರು, ಪಾವು ಇದ್ದ ಹಾಗೆ. ಡಬ್ಬಿಯ ಮೇಲೆ ಗೋಪುರದ ಹಾಗೆ ಕಾಳು ಏರಿಸಿ ಕೊಡಬೇಕು. ಅಂಚಿಗೆ ಸಮ ಮಾಡಿದರೆ ಜಗಳ. ಹಜಿಯಾ ಒಂದು ಹಿಡಿ ಅಲಸಂದೆ ತೆಗೆದು ಅಂಗೈಯಲ್ಲಿ ಆಡಿಸಿದರು. ತೂತು ಬಿದ್ದ ಎರಡು ಕಾಳು ಕಂಡವು. ಅಲ್ಲೇ ಸುರಿದು ಮುಂದಿನ ಅಂಗಡಿಗೆ ಹೋದರು. ನಮ್ಮವ್ವ ಗದಗ ಸಂತೆಯಲ್ಲಿ ಹಾಗೇ ಮಾಡುತ್ತಾಳೆ.

ಆಮೇಲೆ ಒಂದು ಮೂಲೆಯ ಅಂಗಡಿಗೆ ಕರೆದೊಯ್ದರು. ಅಲ್ಲಿ ಗೋಣಿಚೀಲದ ಮೇಲೆ ಕೆಂಪು ಕಟ್ಟುಗಳಿದ್ದವು. ಒಣ ಎಲೆಯ ಉದ್ದುದ್ದ ಪಟ್ಟಿಗಳು. "ಇದು ವಾಚೆ ಎಲೆ. ಬಣ್ಣ ಇದರದ್ದು" ಅಂದರು. ಕೈಗೆ ತೆಗೆದುಕೊಂಡೆ. ಒಂದು ಬದಿ ನುಣುಪು, ಇನ್ನೊಂದು ಬದಿ ಉದ್ದಕ್ಕೆ ಗೆರೆ. ಅಂಚು ಒಳಗೆ ಸುರುಳಿ ಸುತ್ತಿಕೊಂಡಿದೆ. ಕೆಲವಕ್ಕೆ ಗಿಣ್ಣಿನ ತುಂಡು ಅಂಟಿಕೊಂಡೇ ಇದೆ. ಮೂಗಿನ ಹತ್ತಿರ ತಂದೆ.

ಜೋಳದ ಕಣಿಕೆ! ಮೊದಲ ದಿನ ಎಲೆ ಬಿಚ್ಚಿದಾಗ ಬಂದ ಪರಿಮಳ ಇದೇ. ಸುಗ್ಗಿ ಮುಗಿದ ಮೇಲೆ ನಮ್ಮ ಹಿತ್ತಲಲ್ಲಿ ಒಟ್ಟುವ ಬಣವೆಯ ವಾಸನೆ. ಎಮ್ಮೆಗೆ ಹಾಕಲು ಕಣಿಕೆ ಕಡಿಯುವಾಗ ಕೈಗೆ, ಕೂದಲಿಗೆ ಹತ್ತಿಕೊಳ್ಳುವ ವಾಸನೆ. ಅಷ್ಟು ದೂರದ ಊರಿನ ಮಾರುಕಟ್ಟೆಯಲ್ಲಿ ನಿಂತು ನನ್ನ ಕಣ್ಣು ತುಂಬಿ ಬಂತು. ಹಜಿಯಾ ಗಾಬರಿಯಾದರು. "ನಮ್ಮಪ್ಪ ಇದೇ ಬೆಳೆ ಬೆಳೀತಾನೆ" ಅಂದೆ. ಅವರು ಅಂಗಡಿಯವಳಿಗೆ ಹೌಸಾದಲ್ಲಿ ಅದನ್ನು ಹೇಳಿದರು. ಅವಳು ನನ್ನ ಕೈ ಹಿಡಿದು ಕುಲುಕಿದಳು.

ಇದು ದಂಟನ್ನು ಸುತ್ತಿಕೊಂಡಿರುವ ಎಲೆಯ ಬುಡದ ಭಾಗ. ಎಲ್ಲ ಜೋಳದಿಂದ ಇಷ್ಟು ಬಣ್ಣ ಬರುವುದಿಲ್ಲ. ಬಣ್ಣಕ್ಕಾಗಿಯೇ ಬೆಳೆಸುವ ತಳಿಗಳಿವೆ. ನಮ್ಮ ಬಿಳಿಜೋಳದ ಎಲೆಯ ಮೇಲೂ ಹುಳ ಕಡಿದ ಕಡೆ, ಗಾಯವಾದ ಕಡೆ ಕೆಂಪು ಮಚ್ಚೆ ಮೂಡುತ್ತದಲ್ಲ, ಅದರ ಹತ್ತಿರದ ಬಣ್ಣವೇ ಇದು. ಈ ತಳಿಗಳಲ್ಲಿ ಎಲೆಯ ಬುಡದ ತುಂಬ ಅದೇ ಇರುತ್ತದೆ. ಜೋಳ ಹುಟ್ಟಿದ್ದೇ ಆಫ್ರಿಕಾದಲ್ಲಿ ಅಂತ ಓದಿದ್ದೆ. ಅಲಸಂದೆಯೂ ಆಫ್ರಿಕಾದ್ದೇ. ಘಾನಾದ ನಡುಭಾಗದಲ್ಲಿ, ಕಿಂಟಾಂಪೊ ಅನ್ನುವ ಪ್ರಾಚೀನ ಸಂಸ್ಕೃತಿಯ ಕಾಲದ ಬಂಡೆಯಾಸರೆಗಳಲ್ಲಿ ಸುಮಾರು 3,500 ವರ್ಷ ಹಿಂದಿನ ಸುಟ್ಟ ಅಲಸಂದೆ ಕಾಳು ಸಿಕ್ಕಿವೆ. ನಮ್ಮ ರೊಟ್ಟಿ, ನಮ್ಮ ಅಲಸಂದಿ ಪಲ್ಯ, ಎರಡರ ಬೇರೂ ಈ ಖಂಡದಲ್ಲಿದೆ. ಓದಿದಾಗ ಅದು ಬರೀ ಮಾಹಿತಿ. ಆ ಎಲೆ ಕೈಯಲ್ಲಿ ಹಿಡಿದಾಗ ನೆಂಟಸ್ತಿಕೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಕಣಿಕಿ ಕುದಿಸಿದ ನೀರಾಗ ಅನ್ನಾ ಮಾಡ್ತಾರ?" ಅಂತ ಎರಡು ಸಲ ಕೇಳಿದ. ಆಮೇಲೆ ಗಂಭೀರನಾದ. "ನೋಡವ್ವ, ಎಳೀ ಜ್ವಾಳ ಮೇದ್ರ ದನಾ ಸಾಯ್ತಾವ. ನೀ ಹುಷಾರಿರು." ಅಪ್ಪ ಹೇಳಿದ್ದು ಸುಳ್ಳಲ್ಲ. ಎಳೆಯ ಜೋಳದ ಬೆಳೆಯಲ್ಲಿ ಸಯನೈಡ್ ವಿಷ ಹುಟ್ಟುತ್ತದೆ. ಅದಕ್ಕೇ ಇಲ್ಲಿ ಬಳಸುವುದು ಬಲಿತು, ಚೆನ್ನಾಗಿ ಒಣಗಿದ ಎಲೆಯನ್ನು. ಅದನ್ನೂ ಚೆನ್ನಾಗಿ ಕುದಿಸುತ್ತಾರೆ. "ಬಲಿತದ್ದು, ಒಣಗಿಸಿದ್ದು ಅಪ್ಪಾ" ಅಂದ ಮೇಲೆ ಸಮಾಧಾನವಾದ. ಇದನ್ನು ಓದಿ ಯಾರೂ ಹೊಲದ ಹಸಿ ಜೋಳದೆಲೆ ಕಿತ್ತು ಪಾತ್ರೆಗೆ ಹಾಕಬೇಡಿ.

ಶನಿವಾರ ಮೂರೂವರೆಗೆ ನಿಮಾ ತಲುಪಿದೆವು. ಅಂಗಳದಲ್ಲಿ ಎರಡು ಒಲೆ ಉರಿಯುತ್ತಿದ್ದವು. ಹಜಿಯಾರ ಸೊಸೆ ಟೊಮೆಟೊ ಹುರಿಯುತ್ತಿದ್ದಳು. ನನಗೆ ಒಂದು ಕುಳ್ಳ ಮಣೆ ಕೊಟ್ಟು ಒಲೆಯ ಪಕ್ಕ ಕೂರಿಸಿದರು.

ಮೊದಲು ಎಲೆ. ಕಟ್ಟು ಬಿಚ್ಚಿ ಎರಡು ನೀರಿನಲ್ಲಿ ತೊಳೆದರು, ಧೂಳು ಹೋಗಲು. ಜಾಸ್ತಿ ಉಜ್ಜಿದರೆ ಬಣ್ಣವೂ ಹೋಗುತ್ತದೆ. ಬೆರಳುದ್ದ ಮುರಿದು ಕುದಿಯುವ ನೀರಿಗೆ ಹಾಕಿದರು. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಎಲೆಯ ಅಂಚಿನಿಂದ ಕೆಂಪು ಎಳೆ ಎಳೆಯಾಗಿ ನೀರಿಗೆ ಇಳಿಯಿತು. ಕುಂಕುಮ ನೀರಿಗೆ ಬಿದ್ದ ಹಾಗೆ. ನೋಡುನೋಡುತ್ತ ಇಡೀ ಪಾತ್ರೆ ಕಡುಗೆಂಪು.

ರಾತ್ರಿ ನೆನೆಸಿದ್ದ ಕಾಳನ್ನು ಆ ನೀರಿಗೇ ಹಾಕಿದರು. ಜೊತೆಗೆ ಒಂದು ಬಿಳಿ ಕಲ್ಲಿನ ಚೂರು. ಅದಕ್ಕೆ ಹೌಸಾದಲ್ಲಿ ಕಾನ್ವಾ ಅನ್ನುತ್ತಾರೆ. ಚಾಡ್ ಸರೋವರದ ಸುತ್ತಲಿನ ನೆಲದಿಂದ ವ್ಯಾಪಾರಿಗಳು ಹಿಂದಿನಿಂದ ತರುತ್ತಿದ್ದ ಕ್ಷಾರದ ಕಲ್ಲು. ಹಪ್ಪಳಕ್ಕೆ ನಾವು ಪಾಪಡಖಾರ ಹಾಕುತ್ತೇವಲ್ಲ, ಅದೇ ಜಾತಿ. ಕಾಳಿನ ಸಿಪ್ಪೆ ಬೇಗ ಮೆತ್ತಗಾಗುತ್ತದೆ, ಎಲೆಯ ಬಣ್ಣ ಗಾಢವಾಗುತ್ತದೆ. ಕಲ್ಲು ಬಿದ್ದೊಡನೆ ನೀರು ನೊರೆಗಟ್ಟಿ ಉಕ್ಕಿ ಬಂತು. ಹಜಿಯಾ ಊದಿ ಇಳಿಸಿದರು. ಕೆಂಪು ಕಂದಿಗೆ ತಿರುಗಿತು.

ಇಲ್ಲಿಂದ ಮುಂದಿನದೇ ಈ ಅಡುಗೆಯ ಜೀವ. ಮನೆಯಲ್ಲಿ ನಾನು ತಪ್ಪಿದ್ದೂ ಇಲ್ಲೇ. ಕಾಳು ಎಷ್ಟು ಬೆಂದಾಗ ಅಕ್ಕಿ ಹಾಕಬೇಕು? ಹಜಿಯಾ ಗಡಿಯಾರ ನೋಡಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಒಂದು ಕಾಳು ತೆಗೆದು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರು. ಸಿಪ್ಪೆ ಜಾರಿತು, ಬೇಳೆ ಎರಡಾಯಿತು, ಆದರೆ ನಡುವೆ ಸಣ್ಣ ಗಟ್ಟಿ ಉಳಿದಿತ್ತು. ನನ್ನ ಕೈಗೂ ಒಂದು ಕೊಟ್ಟರು. "ಈ ಗಟ್ಟಿ ಇದೆಯಲ್ಲ, ಇದು ಅನ್ನದ ಪಾಲು. ಅದನ್ನು ಅನ್ನದ ಜೊತೆ ಬೇಯಲು ಬಿಡು." ಆ ಕಾಳನ್ನು ಎಷ್ಟೋ ಹೊತ್ತು ಬೆರಳಲ್ಲೇ ಹಿಡಿದುಕೊಂಡಿದ್ದೆ, ಮರೆಯಬಾರದು ಅಂತ.

ಆಮೇಲೆ ಎಲೆಗಳನ್ನು ಬಾಚಿ ತೆಗೆದು, ತೊಳೆದ ಅಕ್ಕಿ ಹಾಕಿದರು. ಸೋನಾ ಮಸೂರಿಯಂಥ ಮೆತ್ತನೆ ಅಕ್ಕಿಯಲ್ಲ, ಸ್ವಲ್ಪ ಗಡಸು, ಉದ್ದಕ್ಕಿ. ಕಾಳು ಬೆಂದ ನೀರನ್ನು ಚೆಲ್ಲುವ ಮಾತೇ ಇಲ್ಲ. ಅಕ್ಕಿಯ ಮೇಲೆ ತೋರುಬೆರಳ ಮೊದಲ ಗೆಣ್ಣಿನಷ್ಟು ನೀರು ನಿಲ್ಲಬೇಕು. ನಮ್ಮಜ್ಜಿಯ ಅಳತೆಯೂ ಅದೇ ಗೆಣ್ಣು. ಉಪ್ಪು ಈಗ. ಒಂದು ಕುದಿ ಬಂದ ಮೇಲೆ ಉರಿ ಹಿಂದಕ್ಕೆಳೆದು, ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಬಿಗಿಯಾಗಿ ಮುಚ್ಚಿದರು. ಹಬೆ ಹೊರಗೆ ಹೋಗಬಾರದು. ನಾನು ಮನೆಯಲ್ಲಿ ಪ್ಲಾಸ್ಟಿಕ್ ಬದಲು ಬಾಳೆ ಎಲೆ ಹಾಕುತ್ತೇನೆ. ಬಿಸಿ ಅನ್ನದ ಮೇಲೆ ಪ್ಲಾಸ್ಟಿಕ್ ಇಡಲು ಮನಸ್ಸು ಒಪ್ಪುವುದಿಲ್ಲ. ಬಾಳೆ ಎಲೆಯಲ್ಲಿ ಪರಿಮಳವೂ ಚೆನ್ನ.

ನಡುವೆ ಒಂದೇ ಸಲ ಮುಚ್ಚಳ ತೆಗೆದು, ಮರದ ಸೌಟನ್ನು ಅಂಚಿನಿಂದ ತಳಕ್ಕಿಳಿಸಿ ಅನ್ನವನ್ನು ಮಗುಚಿದರು. ತಿರುವಲಿಲ್ಲ. ತಿರುವಿದರೆ ಕಾಳು ಒಡೆಯುತ್ತದೆ. ತಳದಲ್ಲಿ ಹಿಡಿದ ಗರಿಗರಿ ಅನ್ನಕ್ಕೆ ಕಾಂಜೊ ಅಂತ ಹೆಸರು. ಅದು ಮನೆಯ ಮಕ್ಕಳಿಗೆ ಮೀಸಲು. ಮೊಮ್ಮಗ ನಿದ್ದೆಗಣ್ಣಲ್ಲಿ ಎದ್ದು ಬಂದು ಪಾತ್ರೆಯ ಪಕ್ಕ ಕಾದು ಕೂತ.

ಅಷ್ಟರಲ್ಲಿ ಆಜಾನ್ ಕೂಗಿತು. ಹಜಿಯಾ ನಮಾಜಿಗೆ ಎದ್ದರು. ಒಲೆ ಕಾಯುವ ಕೆಲಸ ನನ್ನ ಪಾಲಿಗೆ ಬಂತು. ನೂರಾರು ಜನರ ಬೆಳಗಿನ ಊಟ ನನ್ನ ಮುಂದೆ ಸಣ್ಣಗೆ ಸದ್ದು ಮಾಡುತ್ತಿತ್ತು. ನಾನು ಕೆಂಡ ಒಂದಿಷ್ಟು ಹಿಂದಕ್ಕೆ, ಒಂದಿಷ್ಟು ಮುಂದಕ್ಕೆ ಸರಿಸುತ್ತ ಕೂತೆ.

ಅಂದು ಅಲ್ಲೇ ತಿಂದೆವು. ಇಲ್ಲಿ ಊಟಕ್ಕೆ ಕೂತವರು ಎದುರು ಬಂದವರಿಗೆ "ಯು ಆರ್ ಇನ್ವೈಟೆಡ್" ಅನ್ನದೆ ತುತ್ತು ಎತ್ತುವುದಿಲ್ಲ. ನಮ್ಮ ಕಡೆ "ಬರ್ರಿ, ಊಟ ಮಾಡೋಣು" ಅನ್ನುವ ಹಾಗೆ. ಎಡಗೈಯಲ್ಲಿ ಕೊಡಬಾರದು, ತೆಗೆದುಕೊಳ್ಳಬಾರದು. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಮೀನು ತಿನ್ನದ ನನಗೆ ಅವರು ವಾಗಾಶಿ ತರಿಸಿಕೊಟ್ಟರು. ದನ ಸಾಕುವ ಫುಲಾನಿ ಜನಾಂಗದ ಹೆಂಗಸರು ಹಾಲು ಒಡೆಸಿ ಮಾಡುವ ಗಿಣ್ಣು. ನಮ್ಮ ಪನೀರಿಗಿಂತ ಗಟ್ಟಿ, ಕರಿದರೂ ಕರಗುವುದಿಲ್ಲ. ಅದರ ಮೇಲ್ಮೈ ಕೆಂಪಗಿರುವುದೂ ಇದೇ ಜೋಳದೆಲೆಯ ನೀರಿನಲ್ಲಿ ಅದ್ದಿದ್ದರಿಂದ. ಹಾಲು ಒಡೆಯಲು ಏನು ಹಾಕುತ್ತಾರೆ ಅಂತ ಕೇಳಿದೆ. ಸೊಸೆ ಬೇಲಿಯ ಕಡೆ ಕೈ ತೋರಿಸಿದಳು. ಎಕ್ಕದ ಗಿಡ! ನಾವು ಶನಿವಾರ ಹನುಮಪ್ಪನಿಗೆ ಹಾರ ಹಾಕುವ ಎಕ್ಕದ ಜಾತಿಯೇ. ಅದರ ಹಾಲು ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತೆ ಅಂತ ಅಜ್ಜಿ ಹೆದರಿಸುತ್ತಿದ್ದಳು. ತುತ್ತು ಕೈಯಲ್ಲೇ ನಿಂತಿತು. ಎಲೆ, ಕಾಂಡ ಜಜ್ಜಿ ಸೋಸಿ ಎಷ್ಟು ಹಾಕಬೇಕು, ಎಷ್ಟು ಕಾಯಿಸಬೇಕು ಅನ್ನುವುದು ಆ ಹೆಂಗಸರಿಗೆ ತಲೆತಲಾಂತರದಿಂದ ಗೊತ್ತು. ಆ ಭರವಸೆಯ ಮೇಲೆ ತಿಂದೆ. ತುಂಬ ರುಚಿ. ಆದರೆ ಮನೆಯಲ್ಲಿ ಆ ಪ್ರಯೋಗಕ್ಕೆ ನಾನು ಕೈ ಹಾಕಿಲ್ಲ, ಹಾಕುವುದೂ ಇಲ್ಲ.

ಮನೆಯಲ್ಲಿ ಎರಡನೇ ಸಲ ಮಾಡಿದಾಗ ಕಾನ್ವಾ ಜಾಸ್ತಿಯಾಯಿತು. ಕಾಳು ಲೋಳೆ ಲೋಳೆ, ಅನ್ನಕ್ಕೆ ಸೋಪಿನ ಕಹಿ. ಎಲ್ಲ ಚೆಲ್ಲಬೇಕಾಯಿತು. ಬಹಳ ಸಂಕಟವಾಯಿತು. ಮೂರನೇ ಸಲ ಕಾನ್ವಾ ಬಿಟ್ಟು ಚಿಟಿಕೆ ಅಡುಗೆ ಸೋಡಾ ಹಾಕಿದೆ. ಕಾಳು ಸರಿಯಾಯಿತು, ಎಲೆ ಕಡಿಮೆಯಾಗಿ ಬಣ್ಣ ತೆಳುವಾಯಿತು. ನಾಲ್ಕನೇ ಸಲ ಹದ ಸಿಕ್ಕಿತು.

ಈಗ ನನ್ನ ಲೆಕ್ಕ ಹೀಗಿದೆ. ಒಂದು ಲೋಟ ಅಲಸಂದೆ, ಎರಡು ಲೋಟ ಅಕ್ಕಿ. ಗೇಣುದ್ದದ ಎಲೆ ಎಂಟು-ಹತ್ತು. ಸೋಡಾ ಕಾಲು ಚಮಚಕ್ಕಿಂತ ಕಡಿಮೆ. ಕಾಳು ರಾತ್ರಿ ನೆನೆದಿರಬೇಕು. ಎಲೆ, ಸೋಡಾ, ಕಾಳು ಏಳೆಂಟು ಲೋಟ ನೀರಿನಲ್ಲಿ ಅರ್ಧ ಗಂಟೆ. ಆಮೇಲೆ ಬೆರಳಲ್ಲಿ ಒತ್ತಿ ಆ ಸಣ್ಣ ಗಟ್ಟಿ ಹುಡುಕಬೇಕು. ಎಲೆ ತೆಗೆದು, ಅಕ್ಕಿ, ಉಪ್ಪು ಹಾಕಿ, ಗೆಣ್ಣಿನ ಅಳತೆ ನೋಡಬೇಕು. ನೀರು ಹೆಚ್ಚಿದ್ದರೆ ಒಂದು ಬಟ್ಟಲು ತೆಗೆದಿಟ್ಟುಕೊಳ್ಳಿ, ಚೆಲ್ಲಬೇಡಿ, ಕಡಿಮೆ ಬಿದ್ದರೆ ಅದನ್ನೇ ಹಾಕಬೇಕು. ಸಣ್ಣ ಉರಿ, ಬಿಗಿ ಮುಚ್ಚಳ. ಕುಕ್ಕರ್ ಬೇಡ. ಕುಕ್ಕರಿನಲ್ಲಿ ಕಾಳನ್ನು ಮುಟ್ಟಿ ನೋಡೋಕೆ ಆಗಲ್ಲ.

ಶಿಟೊವನ್ನೂ ನನ್ನದೇ ರೀತಿಯಲ್ಲಿ ಮಾಡಿಕೊಂಡೆ. ಅಸಲಿ ಶಿಟೊಗೆ ಒಣ ಮೀನು, ಒಣ ಸೀಗಡಿಯ ಪುಡಿ ಬೀಳುತ್ತದೆ. ನಾನು ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ರುಬ್ಬಿ, ಎಣ್ಣೆಯಲ್ಲಿ ನೀರಿನಂಶ ಹೋಗುವವರೆಗೆ ಹುರಿದು, ಟೊಮೆಟೊ ಪೇಸ್ಟು, ಒಣಮೆಣಸಿನ ಪುಡಿ ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕಪ್ಪಾಗಿಸುತ್ತೇನೆ. ಅದಕ್ಕೆ ಹುರಿದ ಗುರೆಳ್ಳು ಪುಡಿ ಸೇರಿಸುತ್ತೇನೆ. ಇದನ್ನು ಶಿಟೊ ಅಂತ ಕರೆಯುವ ಹಕ್ಕು ನನಗಿಲ್ಲ. ವಾಚೆಗೆ ಒಪ್ಪುತ್ತದೆ, ಅಷ್ಟು ಸಾಕು.

ನಾಲ್ಕನೇ ಸಲದ ವಾಚೆಯನ್ನು ಡಬ್ಬಿಗೆ ಹಾಕಿಕೊಂಡು ಹಜಿಯಾ ಹತ್ತಿರ ಹೋದೆ. ಹತ್ತೂವರೆ ಆಗಿತ್ತು. ಪಾತ್ರೆ ಖಾಲಿ ಮಾಡಿ ಮೇಜು ಒರೆಸುತ್ತಿದ್ದರು. ಬಲಗೈ ತೊಳೆದುಕೊಂಡು ಡಬ್ಬಿಯ ಮುಚ್ಚಳ ತೆಗೆದರು. ಮೊದಲು ಬಣ್ಣ ನೋಡಿದರು. ಒಂದು ಕಾಳು ಆರಿಸಿ ಬೆರಳಲ್ಲಿ ಒತ್ತಿದರು. ಬೆಣ್ಣೆಯ ಹಾಗೆ ಹರಡಿತು. ಆಮೇಲೆ ಒಂದು ತುತ್ತು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದರು. ನಾನು ಪರೀಕ್ಷೆ ಬರೆದು ಬಂದವಳ ಹಾಗೆ ನಿಂತಿದ್ದೆ.

"ಉಪ್ಪು ಕಡಿಮೆ" ಅಂದರು. ಮತ್ತೊಂದು ತುತ್ತು ತೆಗೆದುಕೊಂಡರು. ಇನ್ನೊಂದು. ಸೊಸೆಯನ್ನು ಕರೆದು ಅವಳ ಕೈಗೂ ಒಂದಿಷ್ಟು ಹಾಕಿದರು. ಡಬ್ಬಿ ಖಾಲಿಯಾಯಿತು. ಮೇಜಿನ ಕೆಳಗಿನ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕೆಂಪು ಎಲೆ ತೆಗೆದು, ತೊಳೆದ ಡಬ್ಬಿಯೊಳಗಿಟ್ಟು ಮುಚ್ಚಿದರು. ದುಡ್ಡು ಕೊಡಲು ಹೋದರೆ ನನ್ನ ಕೈ ಹಿಂದಕ್ಕೆ ತಳ್ಳಿದರು.

"ಡ್ಯಾಶ್" ಅಂದರು.